ಪಾಚಿಯ ಸಂಕಟ, ಬಣ್ಣದ ವ್ಯಾಪಾರ

ಸಾಲ್ಮನ್ ಮೀನಿನ ಮಾಂಸ ಎಷ್ಟು ಕೆಂಪಗಿದೆ ಎಂದು ನೋಡುವುದಕ್ಕೇ ಒಂದು ಬೀಸಣಿಗೆ ಇದೆ. ಪೇಂಟ್ ಅಂಗಡಿಯವರು ಗೋಡೆಯ ಬಣ್ಣ ಆರಿಸಲು ಕೊಡುವ ಷೇಡ್ ಕಾರ್ಡಿನಂತೆ ಅದು ಪಟ್ಟಿಪಟ್ಟಿಯಾಗಿ ಬಿಚ್ಚಿಕೊಳ್ಳುತ್ತದೆ. ತೆಳು ಗುಲಾಬಿಯಿಂದ ಗಾಢ ಕಿತ್ತಳೆಗೆಂಪಿನವರೆಗೆ, 20ರಿಂದ 34ರ ತನಕ ಅಂಕಿಗಳು. ಸಾಲ್ಮನ್ ಸಾಕುವವರು ಕೊಯ್ದ ತುಂಡಿನ ಪಕ್ಕದಲ್ಲಿ ಅದನ್ನು ಹಿಡಿದು, ಯಾವ ಪಟ್ಟಿಗೆ ಹೊಂದುತ್ತದೆ ಎಂದು ಗುರುತು ಹಾಕಿಕೊಳ್ಳುತ್ತಾರೆ. ಗಿರಾಕಿಗೆ ಕೆಂಪು ಹೆಚ್ಚಿದ್ದಷ್ಟೂ ಇಷ್ಟ. ಬಣ್ಣ ತೆಳುವಾದರೆ ಮೀನು ಹಳತೋ ಏನೋ ಎಂಬ ಅನುಮಾನ.

ಕಡಲಿನಲ್ಲಿ ತಾನಾಗಿ ಬೆಳೆಯುವ ಸಾಲ್ಮನ್‌ಗೆ ಈ ಬೀಸಣಿಗೆಯ ಹಂಗಿಲ್ಲ. ಸಿಗಡಿಯ ಕುಲದ ಪುಟ್ಟ ಜೀವಿಗಳನ್ನು ತಿಂದು ಅದು ಕೆಂಪಾಗುತ್ತದೆ, ಆ ಜೀವಿಗಳಿಗೆ ಬಣ್ಣದ ಮೂಲದ್ರವ್ಯ ಸಿಗುವುದು ಅವು ತಿನ್ನುವ ಪಾಚಿಯಿಂದ. ಬಲೆಯ ಪಂಜರದಲ್ಲಿ ಸಾಕಿದ ಮೀನಿಗೆ ಆ ಊಟ ಎಲ್ಲಿ ಬಂತು? ಹಾಗೇ ಬಿಟ್ಟರೆ ಅದರ ಮಾಂಸ ಬೂದು ಬೆರೆತ ಬಿಳಿಯಾಗಿಯೇ ಉಳಿಯುತ್ತದೆ. ಆದ್ದರಿಂದ ಅದರ ಮೇವಿಗೆ ಅಸ್ಟಾಕ್ಸಾಂಥಿನ್ ಎಂಬ ಕೆಂಪು ದ್ರವ್ಯವನ್ನು ಕೈಯಾರೆ ಬೆರೆಸುತ್ತಾರೆ. ಹೀಗೆ ಬೆರೆಸುವುದರಲ್ಲಿ ಬಹುಪಾಲು ಪೆಟ್ರೋಲಿಯಂ ಮೂಲದ ರಾಸಾಯನಿಕಗಳಿಂದ ಕಾರ್ಖಾನೆಯಲ್ಲಿ ತಯಾರಾದದ್ದು. ಪಾಚಿಯಿಂದ ತೆಗೆದದ್ದು ಅದಕ್ಕಿಂತ ಹಲವು ಪಟ್ಟು ದುಬಾರಿ. ಹಾಗಾಗಿ ಅದು ಮೀನಿನ ಬಾಯಿಗೆ ಬೀಳುವುದು ಅಪರೂಪ, ಮನುಷ್ಯರ ಕ್ಯಾಪ್ಸೂಲಿಗೆ ಹೋಗುತ್ತದೆ.

ಇಷ್ಟು ಬೆಲೆ ಯಾಕೆ? ಪಾಚಿ ಬೆಳೆಸುವುದು ಕಷ್ಟದ ಕೆಲಸವೇ? ಅಲ್ಲವೇ ಅಲ್ಲ. ಮನೆಯ ತಾರಸಿಯ ಮೇಲೆ ಬಕೆಟ್ಟಿನಲ್ಲಿ ನೀರು ಬಿಟ್ಟು ಮರೆತವರೆಲ್ಲ ಪಾಚಿ ಕೃಷಿಕರೇ. ಕಷ್ಟ ಇರುವುದು ಬೇರೆ ಎರಡು ಕಡೆ. ಬೆಳೆದ ಪಾಚಿಗೆ ಯಾವಾಗ, ಎಷ್ಟು ಸಂಕಟ ಕೊಡಬೇಕೆಂಬುದು ಒಂದು. ಅದನ್ನು ನೀರಿನಿಂದ ಹೊರಗೆ ತೆಗೆಯುವ ಖರ್ಚು ಇನ್ನೊಂದು. ಈ ಉದ್ಯಮದಲ್ಲಿ ಗೆದ್ದವರು, ಸೋತವರು ಎಲ್ಲರ ಕಥೆಯೂ ಈ ಎರಡರ ಸುತ್ತಲೇ ತಿರುಗುತ್ತದೆ.

ಮೊದಲು ಸಂಕಟದ ಮಾತು. ಅಸ್ಟಾಕ್ಸಾಂಥಿನ್ ಕೊಡುವ ಪಾಚಿಯ ಹೆಸರು ಹಿಮಟೊಕಾಕಸ್. ಅದರ ತವರು ಕೆರೆಯಲ್ಲ, ಸಮುದ್ರವೂ ಅಲ್ಲ. ಬಂಡೆಯ ಕುಳಿಗಳಲ್ಲಿ, ಹಕ್ಕಿಗಳಿಗೆಂದು ಇಟ್ಟ ತೊಟ್ಟಿಗಳಲ್ಲಿ, ಎರಡು ಮಳೆಯ ನಡುವೆ ತುಂಬಿ ಬತ್ತುವ ನೀರಿನಲ್ಲಿ ಅದರ ವಾಸ. ನೀರು ತುಂಬಿದಾಗ ಅದು ಹಸಿರು ಜೀವಕೋಶ. ಎರಡು ಕಶಾಂಗಗಳನ್ನು ಬೀಸುತ್ತ ಈಜಾಡುತ್ತದೆ, ಒಂದು ಎರಡಾಗಿ, ಎರಡು ನಾಲ್ಕಾಗಿ ಹೆಚ್ಚುತ್ತದೆ. ನೀರು ಬತ್ತುತ್ತ ಬಂದು, ಸಾರಜನಕ ಮುಗಿದು, ನೆತ್ತಿಯ ಬಿಸಿಲು ನೇರವಾಗಿ ಬಿದ್ದಾಗ ಅದರ ವರ್ತನೆಯೇ ಬೇರೆಯಾಗುತ್ತದೆ. ಕಶಾಂಗ ಕಳಚಿಕೊಳ್ಳುತ್ತದೆ, ದುಂಡಗಾಗುತ್ತದೆ, ಸುತ್ತ ದಪ್ಪ ಗೋಡೆ ಕಟ್ಟಿಕೊಳ್ಳುತ್ತದೆ, ಒಳಗೆಲ್ಲ ಕೆಂಪು ತುಂಬಿಕೊಳ್ಳುತ್ತದೆ. ಈ ಕೆಂಪೇ ಅದರ ಕೊಡೆ. ಸಾರಜನಕವಿಲ್ಲದೆ ಕೋಶ ವಿಭಜನೆ ನಿಂತಿದೆ, ಬೆಳಕು ಮಾತ್ರ ಬೀಳುತ್ತಲೇ ಇದೆ. ಖರ್ಚಾಗದೆ ಉಳಿದ ಆ ಶಕ್ತಿ ಕೋಶವನ್ನೇ ಸುಡತೊಡಗುತ್ತದೆ. ಕೆಂಪು ದ್ರವ್ಯ ಆ ಬೆಳಕನ್ನು ತಡೆಯುತ್ತದೆ, ಹುಟ್ಟಿಕೊಂಡ ಅಪಾಯಕಾರಿ ಆಮ್ಲಜನಕವನ್ನೂ ತಣಿಸುತ್ತದೆ. ಜೊತೆಗೇ, ಬಳಕೆಯಾಗದ ಇಂಗಾಲವನ್ನು ಕೋಶ ಎಣ್ಣೆಯಾಗಿಸಿ ಕೂಡಿಡುತ್ತದೆ. ಅಸ್ಟಾಕ್ಸಾಂಥಿನ್ ಇರುವುದು ಈ ಎಣ್ಣೆಯ ಹನಿಗಳಲ್ಲೇ, ಅದೂ ಬಹುಮಟ್ಟಿಗೆ ಕೊಬ್ಬಿನಾಮ್ಲಗಳ ಕೈಹಿಡಿದುಕೊಂಡು. ಬಣ್ಣ ಮತ್ತು ಕೊಬ್ಬು ಒಂದೇ ಕಷ್ಟಕಾಲದ ಉಳಿತಾಯ.

ಕೃಷಿಕ ಮಾಡುವುದೂ ಇದನ್ನೇ, ಲೆಕ್ಕ ಹಾಕಿ. ಮೊದಲ ಹಂತದಲ್ಲಿ ಹದವಾದ ಬೆಳಕು, 20ರಿಂದ 25 ಡಿಗ್ರಿಯ ತಂಪು, ಹೊಟ್ಟೆ ತುಂಬ ಗೊಬ್ಬರ. ಹಸಿರು ದಟ್ಟವಾದ ಮೇಲೆ ಎರಡನೆಯ ಹಂತ: ಗೊಬ್ಬರ ಬಂದ್, ಬೆಳಕು ಜೋರು. ಕೆಲವೇ ದಿನಗಳಲ್ಲಿ ಹಸಿರು ಕಂದಾಗಿ, ಕಂದು ಇಟ್ಟಿಗೆಗೆಂಪಾಗುತ್ತದೆ. ಚೆನ್ನಾಗಿ ನಡೆದರೆ ಒಣತೂಕದ ಶೇ 3–4ರಷ್ಟು ಅಸ್ಟಾಕ್ಸಾಂಥಿನ್. ಮೊದಲೇ ಉಪವಾಸ ಹಾಕಿದರೆ ಬಣ್ಣವಿದ್ದೂ ಪಾಚಿ ಕಡಿಮೆ, ತಡವಾಗಿ ಹಾಕಿದರೆ ಕೋಶಗಳು ಒಂದಕ್ಕೊಂದು ನೆರಳಾಗಿ ಬಿಸಿಲು ಒಳಗಿನವಕ್ಕೆ ತಲುಪುವುದೇ ಇಲ್ಲ. ಬಿಸಿಲನ್ನು ಒಮ್ಮೆಲೇ ಜೋರಾಗಿ ಬಿಟ್ಟರೆ ಅರ್ಧಕ್ಕರ್ಧ ಸತ್ತು ಬಿಳುಚಿಕೊಳ್ಳುತ್ತವೆ. ಸಾಯದಂತೆ ಸಂಕಟ ಕೊಡುವುದೇ ಇಲ್ಲಿನ ಕೌಶಲ.

ಇಸ್ರೇಲಿನ ದಕ್ಷಿಣಕ್ಕೆ, ಅರಾವಾ ಮರುಭೂಮಿಯ ಕೆಟುರಾ ಎಂಬ ಕಿಬುಟ್ಜ್‌ನಲ್ಲಿ, ಅಂದರೆ ಸಾಮುದಾಯಿಕ ಕೃಷಿಗ್ರಾಮದಲ್ಲಿ, ಇದೇ ಕಸುಬು. ಬೇಲಿಯಂತೆ ಸಾಲಾಗಿ ನಿಲ್ಲಿಸಿದ ಗಾಜಿನ ಕೊಳವೆಗಳು, ಬಿಚ್ಚಿ ಜೋಡಿಸಿದರೆ ನೂರಾರು ಕಿಲೋಮೀಟರ್ ಉದ್ದ. ಕೆಲವು ಸಾಲು ಹಸಿರು, ಕೆಲವು ಸಾಲು ಕೆಂಪು. ಮರುಭೂಮಿಯಲ್ಲಿ ಬಿಸಿಲಿಗೆ ಬರವಿಲ್ಲ, ಗಾಜಿನೊಳಗೆ ಮುಚ್ಚಿಟ್ಟದ್ದಕ್ಕೆ ಧೂಳು–ಹುಳಗಳ ಕಾಟವೂ ಇಲ್ಲ ಅಂದುಕೊಳ್ಳಬಹುದು. ಆದರೆ ಅದೇ ದೇಶದ ನೆಗೆವ್ ಮರುಭೂಮಿಯ ಸೆದೆ ಬೋಕೆರ್ ಎಂಬಲ್ಲಿ ಬೆಳೆಸಿದ ಹಿಮಟೊಕಾಕಸ್ ಒಮ್ಮೆ ಇದ್ದಕ್ಕಿದ್ದಂತೆ ಕಂದಾಗಿ, ಕೋಶಗಳು ಒಂದಕ್ಕೊಂದು ಅಂಟಿಕೊಂಡು ತಳಕ್ಕೆ ಕುಸಿಯತೊಡಗಿದವು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೋಶದ ಮೈಗೆ ಕೂತು ಒಳಗಿನದನ್ನೆಲ್ಲ ಹೀರುವ ಶಿಲೀಂಧ್ರದಂಥ ಪರಾವಲಂಬಿ. ಊರಿನ ಹೆಸರನ್ನೇ ಸೇರಿಸಿ ಅದಕ್ಕೆ ಪ್ಯಾರಾಫೈಸೊಡರ್ಮಾ ಸೆಡೆಬೊಕರೆನ್ಸ್ ಎಂದು ನಾಮಕರಣವಾಯಿತು. ಹಿಮಟೊಕಾಕಸ್ ಬೆಳೆಯುವವರಿಗೆ ಈಗಲೂ ಅದರ ಹೆಸರು ಕೇಳಿದರೆ ನಡುಕ. ಅಡಿಕೆ ತೋಟದವರಿಗೆ ಕೊಳೆರೋಗ ಇದ್ದಂತೆ ಇವರಿಗೆ ಇದು.

ಎಲ್ಲ ಪಾಚಿಗೂ ಒಂದೇ ಬಗೆಯ ಸಂಕಟ ಸಲ್ಲದು. ಡುನಾಲಿಯೆಲ್ಲಾ ಸಲೈನಾ ಎಂಬುದಕ್ಕೆ ಉಪ್ಪೇ ಪ್ರಪಂಚ. 1838ರಲ್ಲಿ ಫ್ರಾನ್ಸಿನ ಮಾಂಪೆಲ್ಲಿಯೆ ಬಳಿಯ ಉಪ್ಪಿನಗದ್ದೆಗಳು ಯಾಕೆ ಕೆಂಪಾಗುತ್ತವೆ ಎಂದು ನೋಡಹೊರಟ ಮಿಶೆಲ್ ಫೆಲಿಕ್ಸ್ ಡ್ಯೂನಾಲ್ ಇದನ್ನು ಗುರುತಿಸಿದ, ಹಲವು ದಶಕಗಳ ಅನಂತರ ಅವನ ಹೆಸರೇ ಇದಕ್ಕೆ ಬಂತು. ಸಮುದ್ರದ ನೀರಿಗಿಂತ ಆರೇಳು ಪಟ್ಟು ಉಪ್ಪಿನ ನೀರಿನಲ್ಲೂ ಅದು ಬದುಕುತ್ತದೆ. ಹೊರಗಿನ ಉಪ್ಪು ಒಳಗಿನ ನೀರನ್ನು ಎಳೆದುಕೊಳ್ಳದಂತೆ ತನ್ನೊಳಗೆ ಗ್ಲಿಸರಾಲ್ ತುಂಬಿಕೊಂಡು ಸರಿದೂಗಿಸುತ್ತದೆ. ಅದಕ್ಕೆ ಗಟ್ಟಿಯಾದ ಕೋಶಭಿತ್ತಿಯೇ ಇಲ್ಲ. ಉಪ್ಪು ಹೆಚ್ಚಿ, ಆಹಾರ ಕಮ್ಮಿಯಾಗಿ, ಬಿಸಿಲು ಏರಿದಾಗ ಅದು ಕೂಡಿಡುವುದು ಬೀಟಾ ಕೆರೋಟಿನ್. ನೂರು ಗ್ರಾಂ ಹಸಿ ಗಜ್ಜರಿಯಲ್ಲಿ ಎಂಟು ಮಿಲಿಗ್ರಾಂ ಆಸುಪಾಸು ಇರುವ ಈ ದ್ರವ್ಯ, ಸರಿಯಾಗಿ ಕಾಡಿಸಿದ ಡುನಾಲಿಯೆಲ್ಲಾದ ಒಣತೂಕದಲ್ಲಿ ಶೇ 10 ತಲುಪುತ್ತದೆ. ಹಸಿಯದನ್ನೂ ಒಣಗಿದ್ದನ್ನೂ ಹೋಲಿಸಬಾರದು ನಿಜ. ಒಣಗಿಸಿದ ಗಜ್ಜರಿ ತಂದಿಟ್ಟರೂ ಅದು ಇದರ ಹತ್ತಿರಕ್ಕೆ ಬರುವುದಿಲ್ಲ.

ಪಶ್ಚಿಮ ಆಸ್ಟ್ರೇಲಿಯಾದ ಪರ್ತ್ ನಗರದಿಂದ ಉತ್ತರಕ್ಕೆ ಐದುನೂರು ಕಿಲೋಮೀಟರ್ ದೂರದಲ್ಲಿ ಹಟ್ ಲಗೂನ್ ಎಂಬ ಗುಲಾಬಿ ಬಣ್ಣದ ಸರೋವರ ಇದೆ. ಪ್ರವಾಸಿಗರು ಫೋಟೊ ತೆಗೆಯಲು ಹೋಗುತ್ತಾರೆ. ಅದರ ಒಂದು ಅಂಚಿನಲ್ಲಿ ಬೀಟಾ ಕೆರೋಟಿನ್‌ಗಾಗಿ ಡುನಾಲಿಯೆಲ್ಲಾ ಬೆಳೆಸುವ ಕೊಳಗಳಿವೆ. ಅಲ್ಲಿ ಗಾಜಿನ ಕೊಳವೆಯಿಲ್ಲ, ಕಲಕುವ ಚಕ್ರವೂ ಇಲ್ಲ. ವಿಶಾಲವಾದ, ಆಳವಿಲ್ಲದ ಕೊಳಗಳು, ಗಾಳಿ ಅಲುಗಾಡಿಸಿದಷ್ಟೇ ಅಲುಗಾಟ. ಪಾಚಿ ತಿನ್ನುವ ಸೂಕ್ಷ್ಮಜೀವಿಗಳಿಗೆ ಅಷ್ಟು ಉಪ್ಪಿನಲ್ಲಿ ಉಳಿಗಾಲವಿಲ್ಲ, ಆದ್ದರಿಂದ ಬೇಲಿ ಹಾಕುವ ಖರ್ಚು ಉಪ್ಪಿನದೇ. ಇಳುವರಿ ಕಡಿಮೆ, ಖರ್ಚು ಅದಕ್ಕಿಂತಲೂ ಕಡಿಮೆ. ನಮ್ಮ ರಾಜಸ್ಥಾನದ ಸಾಂಭರ್ ಸರೋವರದ ಉಪ್ಪಿನ ಮಡಿಗಳು ಬೇಸಿಗೆಯಲ್ಲಿ ಗುಲಾಬಿಯಾಗುವುದರಲ್ಲೂ ಇದೇ ಪಾಚಿಯ ಪಾಲಿದೆ, ಉಪ್ಪುಪ್ರಿಯ ಸೂಕ್ಷ್ಮಾಣುಗಳ ಪಾಲೂ ಇದೆ.

ಈ ಬಣ್ಣದ ಬಗ್ಗೆ ಒಂದು ಎಚ್ಚರಿಕೆ ಹೇಳದೆ ಮುಂದೆ ಹೋಗಬಾರದು. ಬೀಟಾ ಕೆರೋಟಿನ್ ತಿಂದರೆ ಕ್ಯಾನ್ಸರ್ ದೂರವಾಗುತ್ತದೆ ಎಂಬ ನಂಬಿಕೆ 1980ರ ದಶಕದಲ್ಲಿ ಗಟ್ಟಿಯಾಗಿತ್ತು. ಫಿನ್ಲೆಂಡಿನಲ್ಲಿ ಧೂಮಪಾನ ಮಾಡುವ 29,133 ಗಂಡಸರ ಮೇಲೆ ದೊಡ್ಡ ಪರೀಕ್ಷೆಯೇ ನಡೆಯಿತು. 1994ರಲ್ಲಿ ಫಲಿತಾಂಶ ಬಂದಾಗ ದಿನಕ್ಕೆ 20 ಮಿಲಿಗ್ರಾಂ ಬೀಟಾ ಕೆರೋಟಿನ್ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗಿರಲಿಲ್ಲ, ಶೇ 18ರಷ್ಟು ಹೆಚ್ಚಾಗಿತ್ತು. ಅಲ್ಲಿ ಬಳಸಿದ್ದು ಕೃತಕ ದ್ರವ್ಯ, ಪಾಚಿಯದು ಬೇರೆ ಜೋಡಣೆಯ ಅಣುಗಳ ಮಿಶ್ರಣ ಎಂದು ಮಾರುವವರು ಹೇಳುತ್ತಾರೆ. ಅಣುಗಳ ಜೋಡಣೆ ಬೇರೆ ಎನ್ನುವುದು ನಿಜ. ಸಿಗರೇಟು ಸೇದುವವರಿಗೆ ಅದರಿಂದ ಅಪಾಯವಿಲ್ಲ ಎನ್ನುವುದಕ್ಕೆ ಅಷ್ಟೇ ದೊಡ್ಡ ಪರೀಕ್ಷೆಯ ಬಲ ಇಲ್ಲ. ಬಾಟಲಿಯ ಮೇಲೆ ‘ನೈಸರ್ಗಿಕ’ ಎಂದು ಬರೆದಾಕ್ಷಣ ಔಷಧಿಯಾಗದು.

ಇನ್ನು ನೀರಿನ ಲೆಕ್ಕ. ಬಯಲು ಕೊಳದಲ್ಲಿ ಪಾಚಿ ಎಷ್ಟೇ ದಟ್ಟವಾಗಿ ಕಂಡರೂ ಒಂದು ಲೀಟರ್ ನೀರಿನಲ್ಲಿರುವುದು ಅರ್ಧದಿಂದ ಒಂದು ಗ್ರಾಂ ಒಣ ಪದಾರ್ಥ. ಒಂದು ಕಿಲೋ ಪುಡಿ ಬೇಕೆಂದರೆ ಸಾವಿರದಿಂದ ಎರಡು ಸಾವಿರ ಲೀಟರ್ ನೀರು ಸೋಸಬೇಕು. ಹಿಮಟೊಕಾಕಸ್ ಆದರೆ ಕೇಂದ್ರಾಪಗಾಮಿ ಯಂತ್ರದಲ್ಲಿ ತಿರುಗಿಸಿ ಬೇರ್ಪಡಿಸಬೇಕು, ಅದರ ದಪ್ಪ ಗೋಡೆಯನ್ನು ಗಿರಣಿಯಲ್ಲಿ ಒಡೆಯಬೇಕು, ಆಮೇಲೆ ವಾತಾವರಣದ ನೂರಾರು ಪಟ್ಟು ಒತ್ತಡದ ಇಂಗಾಲದ ಡೈಆಕ್ಸೈಡ್ ಹಾಯಿಸಿ ಎಣ್ಣೆಯ ಸಮೇತ ಬಣ್ಣ ತೆಗೆಯಬೇಕು. ಬೆಳೆದ ಖರ್ಚಿಗಿಂತ ಬಿಡಿಸಿಕೊಳ್ಳುವ ಖರ್ಚಿನ ಭಯವೇ ಹೆಚ್ಚು.

ಮೈಸೂರು ಈ ಕಥೆಯೊಳಗೆ ಬರುವುದು ಈ ನೀರಿನ ದಾರಿಯಲ್ಲೇ. 1970ರ ದಶಕದಲ್ಲಿ ಅಲ್ಲಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ, ಅಂದರೆ ಎಲ್ಲರೂ ಕರೆಯುವ ಸಿಎಫ್‌ಟಿಆರ್‌ಐ, ಜರ್ಮನಿಯ ಸಹಯೋಗದಲ್ಲಿ ಪಾಚಿ ಬೆಳೆಸುವ ಯೋಜನೆ ಹಿಡಿಯಿತು. ಆಗಿನ ತಲೆನೋವು ಬಣ್ಣವಲ್ಲ, ಪ್ರೋಟೀನ್. ದೇಶದ ಮಕ್ಕಳ ಹೊಟ್ಟೆಗೆ ಅಗ್ಗದ ಪ್ರೋಟೀನ್ ಎಲ್ಲಿಂದ ತರುವುದು ಎಂಬ ಚಿಂತೆಯ ಕಾಲ ಅದು. ಮೊದಲು ಆರಿಸಿಕೊಂಡದ್ದು ಸೆನೆಡೆಸ್ಮಸ್ ಎಂಬ ಹಸಿರು ಪಾಚಿ. ಸೊಗಸಾಗಿಯೇ ಬೆಳೆಯಿತು. ಆದರೆ ಅದರ ಕೋಶ ಬಟ್ಟೆಯ ಸಂದಿಯಲ್ಲಿ ನುಸುಳುವಷ್ಟು ಚಿಕ್ಕದು, ಗೋಡೆ ಮನುಷ್ಯರಿಗೆ ಜೀರ್ಣವಾಗದಷ್ಟು ಗಟ್ಟಿ. ಯಂತ್ರದಲ್ಲಿ ಸೋಸಿ, ಕಾದ ಉರುಳೆಯ ಮೇಲೆ ಒಣಗಿಸಿ ಗೋಡೆ ಬಿರಿಯಿಸಿದರಷ್ಟೇ ತಿನ್ನಲು ಯೋಗ್ಯ. ಬಡವರಿಗೆಂದು ಹೊರಟ ಆಹಾರಕ್ಕೆ ಆ ಖರ್ಚು ಹೊಂದುವುದಿಲ್ಲ.

ಸ್ಪಿರುಲಿನಾ ಮೇಲೆ ಬಂದದ್ದು ಹೀಗೆ. ಶಾಸ್ತ್ರದ ಪ್ರಕಾರ ಅದು ಪಾಚಿಯೂ ಅಲ್ಲ, ನೀಲಿಹಸಿರು ಬ್ಯಾಕ್ಟೀರಿಯಾ. ಸುರುಳಿ ಸುರುಳಿಯಾದ ಎಳೆ, ಬಟ್ಟೆಯಲ್ಲಿ ಸೋಸಿದರೆ ಮೇಲೆಯೇ ನಿಲ್ಲುತ್ತದೆ. ಸೆಲ್ಯುಲೋಸಿನ ಗೋಡೆ ಇಲ್ಲ. ಆಫ್ರಿಕಾದ ಚಾಡ್ ಸರೋವರದ ದಂಡೆಯ ಕನೆಂಬು ಹೆಂಗಸರು ತಲೆತಲಾಂತರದಿಂದ ಅದನ್ನು ಬಟ್ಟೆಯಲ್ಲಿ ಸೋಸಿ, ಮರಳಿನ ಮೇಲೆ ಹರಡಿ ಒಣಗಿಸಿ, ‘ದಿಹೆ’ ಎಂಬ ಹಪ್ಪಳೆಗಳನ್ನಾಗಿ ಮಾಡಿ ಸಾರಿಗೆ ಹಾಕುತ್ತಿದ್ದರು. ಮೆಕ್ಸಿಕೊದ ಟೆಶ್ಕೊಕೊ ಸರೋವರದಲ್ಲಿ ಆಜ್ಟೆಕ್ ಜನರಿಗೂ ಅದು ಊಟದ ವಸ್ತು. ನೀರಿನಿಂದ ಬೇರ್ಪಡಿಸುವ ಸಮಸ್ಯೆಯನ್ನು ಅವರೆಲ್ಲ ಬಟ್ಟೆಯಿಂದಲೋ ಸಣ್ಣ ಕಣ್ಣಿನ ಬಲೆಯಿಂದಲೋ ಬಗೆಹರಿಸಿಕೊಂಡಿದ್ದರು.

ಸ್ಪಿರುಲಿನಾ ಬೆಳೆಯಲು ಫ್ರಾನ್ಸಿನ ಜರೂಕ್ 1966ರಲ್ಲಿ ಕೊಟ್ಟ ಪಾಕವಿಧಾನ ಪ್ರಸಿದ್ಧ. ಲೀಟರಿಗೆ 16.8 ಗ್ರಾಂ ಅಡುಗೆ ಸೋಡಾ, ಜೊತೆಗೆ ನೈಟ್ರೇಟ್, ಫಾಸ್ಫೇಟ್, ಚೂರು ಕಬ್ಬಿಣ. ಸಾವಿರ ಲೀಟರಿನ ತೊಟ್ಟಿಗೆ ಸುಮಾರು 17 ಕಿಲೋ ಸೋಡಾ! ಮೈಸೂರಿನವರು ಇದನ್ನು ಇಳಿಸಿ ಲೀಟರಿಗೆ 4.5 ಗ್ರಾಂಗೆ ತಂದರು. ಇಂಥ ಬದಲಾವಣೆಗೆ ಯಾರೂ ಪ್ರಶಸ್ತಿ ಕೊಡುವುದಿಲ್ಲ, ಆದರೆ ಹಳ್ಳಿಯ ತೊಟ್ಟಿಗೆ ಸ್ಪಿರುಲಿನಾ ಇಳಿಯಲು ಸಾಧ್ಯವಾದದ್ದು ಇಂಥ ಕಡಿತಗಳಿಂದಲೇ. ಅದೇ ಸಂಸ್ಥೆಯಲ್ಲಿ ಮುಂದೆ ಡುನಾಲಿಯೆಲ್ಲಾ, ಹಿಮಟೊಕಾಕಸ್‌ಗಳ ಬಣ್ಣದ ಮೇಲೂ ವರ್ಷಗಟ್ಟಲೆ ಕೆಲಸ ನಡೆಯಿತು. ಹೆಚ್ಚು ಜನರ ಬಾಯಿ ತಲುಪಿದ್ದು ಮಾತ್ರ ಸ್ಪಿರುಲಿನಾ ಬೆರೆಸಿದ ಕಡಲೆಕಾಯಿ ಚಿಕ್ಕಿ. ಬೆಲ್ಲ ಮತ್ತು ಹುರಿದ ಕಡಲೆಕಾಯಿಯ ವಾಸನೆಯ ಮುಂದೆ ಪಾಚಿಯ ವಾಸನೆ ಅಡಗುತ್ತದೆ, ಅದಕ್ಕೇ ಮಕ್ಕಳು ತಿನ್ನುತ್ತಾರೆ. ಬರೀ ಪುಡಿಯನ್ನು ನೀರಿಗೆ ಕಲಸಿ ಕುಡಿದವರಿಗೆ ಈ ಮಾತಿನ ಬೆಲೆ ಗೊತ್ತು.

ಸಣ್ಣ ಘಟಕದಲ್ಲಿ ಕೊಯ್ಲು ಹೇಗೆ ನಡೆಯುತ್ತದೆ ನೋಡಿ. ತೊಟ್ಟಿಯ ಆಳ ಒಂದು ಗೇಣು. ಬೆಳಿಗ್ಗೆ, ಬಿಸಿಲೇರುವ ಮೊದಲು, ಕೋಲಿನ ತುದಿಗೆ ಸಿಕ್ಕಿಸಿದ ಬಿಳಿ ತಟ್ಟೆಯನ್ನು ನೀರಿಗೆ ಇಳಿಸುತ್ತಾರೆ. ಎರಡು ಮೂರು ಸೆಂಟಿಮೀಟರ್ ಇಳಿಯುವಷ್ಟರಲ್ಲಿ ತಟ್ಟೆ ಕಣ್ಮರೆಯಾದರೆ ಕೊಯ್ಲಿಗೆ ಹದ ಬಂದಿದೆ ಎಂದರ್ಥ. ನೀರನ್ನು ಸಣ್ಣ ಕಣ್ಣಿನ ನೈಲಾನ್ ಬಟ್ಟೆಯ ಮೇಲೆ ಹರಿಸುತ್ತಾರೆ. ಸೋಸಿದ ನೀರು ಮತ್ತೆ ತೊಟ್ಟಿಗೇ, ಅದರಲ್ಲಿ ಸೋಡಾ ಇದೆಯಲ್ಲ. ಬಟ್ಟೆಯ ಮೇಲೆ ಉಳಿದ ಕಡುಹಸಿರು ಲೇಹವನ್ನು ಒಳ್ಳೆಯ ನೀರಿನಲ್ಲಿ ತೊಳೆದು, ಬಟ್ಟೆಯಲ್ಲೇ ಕಟ್ಟಿ ಭಾರ ಹೇರಿ ಹಿಂಡುತ್ತಾರೆ. ಅಷ್ಟಾದರೂ ಅದರಲ್ಲಿ ಮುಕ್ಕಾಲಿಗಿಂತ ಹೆಚ್ಚು ನೀರೇ. ಅದನ್ನು ಶಾವಿಗೆ ಒತ್ತಿನಲ್ಲಿ ಹಾಕಿ ಪರದೆಯ ಮೇಲೆ ಎಳೆಎಳೆಯಾಗಿ ಬಿಡುತ್ತಾರೆ, ಗಾಳಿಯಾಡಿ ಬೇಗ ಒಣಗಲಿ ಎಂದು. ಸಂಜೆಯೊಳಗೆ ಗರಿಗರಿಯಾಗಿ ಮುರಿಯಬೇಕು. ಮೋಡ ಮುಚ್ಚಿದ ದಿನ ಸಂಜೆಗೂ ಬಾಗುತ್ತಿದ್ದರೆ ರಾತ್ರಿ ಹುಳಿ ವಾಸನೆ ಹಿಡಿಯುತ್ತದೆ, ಮಾಲು ತಿಪ್ಪೆಗೆ.

ಸ್ಪಿರುಲಿನಾ ಬರೀ ಪ್ರೋಟೀನ್ ಆಗಿ ಉಳಿದಿದ್ದರೆ ಇವತ್ತಿನ ಈ ಗದ್ದಲ ಇರುತ್ತಿರಲಿಲ್ಲ. ಅದರೊಳಗಿನ ನೀಲಿಗೆ ಈಗ ಬೇಡಿಕೆ. ಫೈಕೊಸಯಾನಿನ್ ಎಂಬ ಈ ನೀಲಿ, ಒಣತೂಕದ ಶೇ 10ರಿಂದ 20ರಷ್ಟು ಇರುತ್ತದೆ. ಹೆಚ್ಚು ಕಾವು ತಗುಲದ ಪುಡಿಯನ್ನು ತಣ್ಣೀರಿನಲ್ಲಿ ರಾತ್ರಿ ನೆನೆಸಿ ಬೆಳಿಗ್ಗೆ ಸೋಸಿದರೆ ನೀಲಿ ನೀರು ಇಳಿಯುತ್ತದೆ. ಗಾಜಿನ ಲೋಟದಲ್ಲಿ ಹಾಕಿ ಬಿಸಿಲಿಗೆ ಹಿಡಿದು ಪಕ್ಕದಿಂದ ನೋಡಿದರೆ ನೇರಳೆಹಣ್ಣಿನ ರಸದಂಥ ಕೆಂಪು ಹೊಳಪು ಕಾಣುತ್ತದೆ. ಹೀರಿಕೊಂಡ ಬೆಳಕನ್ನು ಅದು ಕೆಂಪಾಗಿಸಿ ಹೊರಚೆಲ್ಲುತ್ತದೆ. ಬಿಸಿಯಲ್ಲಿ ಕೆಟ್ಟ ಪುಡಿ ಈ ನೀಲಿ ಬಿಡುವುದಿಲ್ಲ. ದುಡ್ಡು ಕೊಟ್ಟು ಕೊಂಡ ಪುಡಿಯ ಬಗ್ಗೆ ಅನುಮಾನವಿದ್ದವರು ಮನೆಯಲ್ಲೇ ನೋಡಿಕೊಳ್ಳಬಹುದು.

ಇಲ್ಲಿ ಸಂಕಟದ ನಿಯಮ ತಲೆಕೆಳಗು. ಹಿಮಟೊಕಾಕಸ್ ಉಪವಾಸದಲ್ಲಿ ಬಣ್ಣ ಕೂಡಿಡುತ್ತದೆ, ಸ್ಪಿರುಲಿನಾ ಉಪವಾಸದಲ್ಲಿ ಇದ್ದ ಬಣ್ಣವನ್ನೇ ತಿಂದು ಬದುಕುತ್ತದೆ. ಯಾಕೆಂದರೆ ಫೈಕೊಸಯಾನಿನ್ ಒಂದು ಪ್ರೋಟೀನ್, ಅಂದರೆ ಸಾರಜನಕದ ಕಣಜ. ಹೊರಗೆ ಸಾರಜನಕ ಮುಗಿದೊಡನೆ ಕೋಶ ತನ್ನ ಕಣಜಕ್ಕೇ ಕೈಹಾಕುತ್ತದೆ, ಕೆಲವು ದಿನಗಳಲ್ಲೇ ತೊಟ್ಟಿ ಹಳದಿಗೆ ತಿರುಗುತ್ತದೆ. ನೀಲಿ ಬೇಕಾದವನು ಪಾಚಿಗೆ ಹೊಟ್ಟೆ ತುಂಬ ಉಣಿಸಬೇಕು, ಬಿಸಿಲು ಹೆಚ್ಚಾದಾಗ ನೆರಳು ಕಟ್ಟಬೇಕು. ಬೆಳಕು ಕಮ್ಮಿಯಾದಾಗಲೇ ಅದು ಬೆಳಕು ಹಿಡಿಯುವ ಈ ದ್ರವ್ಯವನ್ನು ಹೆಚ್ಚು ಕಟ್ಟಿಕೊಳ್ಳುವುದು.

ಈ ನೀಲಿಗೆ ಮಾರುಕಟ್ಟೆ ತೆರೆದದ್ದು ಮಿಠಾಯಿಯಿಂದ. ತಿನ್ನಬಹುದಾದ ನೀಲಿ ನಿಸರ್ಗದಲ್ಲಿ ವಿರಳ. 2013ರಲ್ಲಿ, ಮಾರ್ಸ್ ಕಂಪನಿಯ ಅರ್ಜಿಯ ಮೇಲೆ, ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಮಿಠಾಯಿ ಮತ್ತು ಚೂಯಿಂಗ್ ಗಮ್‌ಗೆ ಸ್ಪಿರುಲಿನಾ ಸಾರವನ್ನು ಬಣ್ಣವಾಗಿ ಬಳಸಲು ಒಪ್ಪಿತು. ದೋಷಗಳೂ ಇವೆ: 60 ಡಿಗ್ರಿ ದಾಟಿದರೆ ಬಣ್ಣ ಮಾಸುತ್ತದೆ, ಹುಳಿ ಬಿದ್ದರೆ ತಳಕ್ಕೆ ಇಳಿಯುತ್ತದೆ. ನಿಂಬೆ ಶರಬತ್ತಿಗೆ ಆಗುವುದಿಲ್ಲ. 2025ರ ಮೇ ತಿಂಗಳಿನಲ್ಲಿ ಅದೇ ಆಡಳಿತ ಗಾಲ್ಡಿಯೇರಿಯಾ ಎಂಬ ಇನ್ನೊಂದು ಪಾಚಿಯ ನೀಲಿಗೆ ಅನುಮತಿ ಕೊಟ್ಟಿತು. ಬಿಸಿನೀರಿನ ಆಮ್ಲೀಯ ಬುಗ್ಗೆಗಳಲ್ಲಿ ಹುಟ್ಟಿ ಬೆಳೆದ ಜೀವಿ ಅದು, ಹುಳಿ ಅದರ ಬಣ್ಣಕ್ಕೆ ಹೊಸದಲ್ಲ. ಅದೇ ದಿನ ನಮ್ಮ ಬೇಲಿಸಾಲಿನ ಶಂಖಪುಷ್ಪದ ನೀಲಿಗೂ ಹೆಚ್ಚಿನ ತಿನಿಸುಗಳಲ್ಲಿ ಬಳಕೆಯ ಅವಕಾಶ ಸಿಕ್ಕಿತು.

ತಿನಿಸಿನ ಬಣ್ಣದ ಜಗಳ ನಮಗೂ ಹೊಸದಲ್ಲ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ, ಬಾಂಬೆ ಮಿಠಾಯಿಗೆ ರೋಡಮಿನ್–ಬಿ ಬಳಸುವುದನ್ನು ನಿಷೇಧಿಸಿತಲ್ಲ, ಆಗ ಗಾಡಿಯ ಮುಂದೆ ನಿಂತವರೆಲ್ಲ ಒಂದೆರಡು ವಾರ ಬಣ್ಣದ ತಜ್ಞರೇ ಆಗಿದ್ದರು. ಪಾಚಿಯ ಕೆಂಪನ್ನು ಗೋಬಿಗೆ ಹಾಕಬಹುದಲ್ಲ ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ, ಬೇಡ. ಆ ಬೆಲೆಯ ಬಣ್ಣ ಹಾಕಿದರೆ ಪ್ಲೇಟಿನ ದರವನ್ನು ಫೈವ್ ಸ್ಟಾರ್ ಹೋಟೆಲಿನವರೂ ಬರೆಯಲು ಅಂಜಬೇಕು. ಗೋಬಿಗೆ ಬ್ಯಾಡಗಿ ಮೆಣಸಿನಕಾಯಿಯೇ ಸಾಕು.

ಬಣ್ಣ ಬಿಟ್ಟು ಕೊಬ್ಬಿಗೆ ಬಂದರೆ ಚಿತ್ರವೇ ಬದಲಾಗುತ್ತದೆ. ಮೀನೆಣ್ಣೆಯ ಒಮೆಗಾ–3 ಎಂದು ನಾವು ಕರೆಯುವ ಡಿಎಚ್‌ಎ, ಇಪಿಎ ಎಂಬ ಕೊಬ್ಬಿನಾಮ್ಲಗಳು ಮೂಲದಲ್ಲಿ ಮೀನಿನದಲ್ಲ, ಪಾಚಿಯದು. ಮಂಗಳೂರಿನವರ ಬೂತಾಯಿ, ಕಾರವಾರದ ಕಡೆಯವರ ತಾರ್ಲೆ ಮಳೆಗಾಲದ ಅನಂತರ ಕೊಬ್ಬಿ ಬರುವುದು ಅರಬ್ಬಿ ಸಮುದ್ರದಲ್ಲಿ ಡಯಾಟಮ್ ಎಂಬ ಸೂಕ್ಷ್ಮಪಾಚಿ ಸೊಕ್ಕಿ ಬೆಳೆಯುವುದರಿಂದ. ಫ್ರಾಜಿಲೇರಿಯಾ ಓಶಿಯಾನಿಕಾ ಎಂಬ ಡಯಾಟಮ್ ಹೆಚ್ಚಿದರೆ ಬೂತಾಯಿ ಬಲೆ ತುಂಬುತ್ತದೆ ಎಂದು ನಮ್ಮ ಮೀನುಗಾರಿಕೆ ವಿಜ್ಞಾನಿಗಳು 1950ರ ದಶಕದಲ್ಲೇ ಗುರುತಿಸಿದ್ದರು. ಮೀನು ತಿನ್ನದವರಿಗೆ ಅಗಸೆಬೀಜ ಇದೆಯಲ್ಲ ಎನ್ನಬಹುದು. ಉತ್ತರ ಕರ್ನಾಟಕದ ಅಗಸಿ ಚಟ್ನಿಯ ರುಚಿಗೆ ನನ್ನ ತಕರಾರಿಲ್ಲ. ಆದರೆ ಅಗಸೆಯ ಒಮೆಗಾ–3 ಬೇರೆ ಬಗೆಯದು, ನಮ್ಮ ದೇಹ ಅದನ್ನು ಡಿಎಚ್‌ಎ ಆಗಿ ಪರಿವರ್ತಿಸುವುದು ತೀರಾ ಅಲ್ಪ. ಹೀಗಾಗಿ ಸಸ್ಯಾಹಾರಿಗಳಿಗೆ ಉಳಿದ ನೇರ ದಾರಿ ಪಾಚಿ.

ಅಮೆರಿಕದ ಮೇರಿಲ್ಯಾಂಡ್‌ನ ಮಾರ್ಟೆಕ್ ಕಂಪನಿ ಈ ದಾರಿ ಹಿಡಿಯಿತು. ಅದರ ಬೇರು 1980ರ ದಶಕದಲ್ಲಿ ನಾಸಾ ಹಣದಿಂದ ನಡೆದ, ದೂರದ ಬಾಹ್ಯಾಕಾಶ ಯಾನದಲ್ಲಿ ಪಾಚಿಯಿಂದ ಆಹಾರ–ಆಮ್ಲಜನಕ ಪಡೆಯಬಹುದೇ ಎಂಬ ಸಂಶೋಧನೆಯಲ್ಲಿದೆ. ಗಗನಯಾತ್ರಿಗಳ ಊಟವಾಗಬೇಕಿದ್ದದ್ದು ಎಳೆ ಮಕ್ಕಳ ಡಬ್ಬಿ ಹಾಲಿಗೆ ಬಂತು. ತಾಯಿಹಾಲಿನಲ್ಲಿರುವ ಡಿಎಚ್‌ಎ ಡಬ್ಬಿ ಹಾಲಿನಲ್ಲಿ ಇರಲಿಲ್ಲ, 2001ರಲ್ಲಿ ಅಮೆರಿಕ ಪಾಚಿಯ ಎಣ್ಣೆಯನ್ನು ಸೇರಿಸಲು ಹಾದಿ ಬಿಟ್ಟುಕೊಟ್ಟಿತು. ಈ ಎಣ್ಣೆ ಕೊಡುವ ಕ್ರಿಪ್ತೆಕೊಡಿನಿಯಂ ಬಿಸಿಲನ್ನು ನೋಡುವುದೇ ಇಲ್ಲ. ಅದಕ್ಕೆ ದ್ಯುತಿಸಂಶ್ಲೇಷಣೆ ಬಾರದು. ಉಕ್ಕಿನ ಮುಚ್ಚಿದ ತೊಟ್ಟಿಯ ಕತ್ತಲಲ್ಲಿ ಸಕ್ಕರೆ ತಿಂದು ಬೆಳೆಯುತ್ತದೆ. ಆಮೇಲೆ ಬಂದ ಸ್ಕಿಜೊಕೈಟ್ರಿಯಂ ಕೂಡ ಹಾಗೆಯೇ, ಅದನ್ನಂತೂ ವಿಜ್ಞಾನಿಗಳು ಪಾಚಿಯ ಸಾಲಿಗೇ ಸೇರಿಸುವುದಿಲ್ಲ. ಬಯಲು ಕೊಳದಲ್ಲಿ ಲೀಟರಿಗೆ ಒಂದು ಗ್ರಾಂ ಎಂದೆನಲ್ಲ, ಈ ತೊಟ್ಟಿಗಳಲ್ಲಿ ಲೀಟರಿಗೆ ನೂರು ಗ್ರಾಂ ದಾಟಿಸಿದ್ದಾರೆ. ನೀರು ತೆಗೆಯುವ ಖರ್ಚಿನ ಸಮಸ್ಯೆ ಅಲ್ಲಿಗೆ ಬಹುಪಾಲು ಮುಗಿಯಿತು. ಬದಲಿಗೆ ಸಕ್ಕರೆಯ ಖರ್ಚು ಬಂತು. 2019ರಲ್ಲಿ ನೆಬ್ರಾಸ್ಕಾದ ಬ್ಲೇರ್‌ನಲ್ಲಿ ತೆರೆದ, ಸಾಲ್ಮನ್ ಮೇವಿಗೆ ಎಣ್ಣೆ ತಯಾರಿಸುವ ವೆರಮಾರಿಸ್ ಕಾರ್ಖಾನೆ ಮೆಕ್ಕೆಜೋಳದ ನಾಡಿನ ನಡುವೆ ಇರುವುದು ಕಾಕತಾಳೀಯವಲ್ಲ. 2023ರಲ್ಲಿ ಎಲ್ ನಿನೊ ಕಾರಣಕ್ಕೆ ಪೆರು ದೇಶ ಆಂಕೊವಿ ಮೀನುಗಾರಿಕೆಯ ಮೊದಲ ಹಂಗಾಮನ್ನೇ ರದ್ದು ಮಾಡಿ, ಮೀನೆಣ್ಣೆಯ ದರ ಆಕಾಶಕ್ಕೇರಿದಾಗ ಇಂಥ ಕಾರ್ಖಾನೆಗಳ ಕಡೆ ಎಲ್ಲರ ಕಣ್ಣು ಹೊರಳಿತು.

ಅತ್ತ ಪಾಚಿಯಿಂದ ಡೀಸೆಲ್ ತೆಗೆಯಹೊರಟವರ ಗತಿ ಏನಾಯಿತು? ಅಮೆರಿಕ ಸರ್ಕಾರ 1978ರಿಂದ 1996ರವರೆಗೆ ಪ್ರಯತ್ನಿಸಿ ಕೈಬಿಟ್ಟಿತು. 2009ರಲ್ಲಿ ಎಕ್ಸಾನ್‌ಮೊಬಿಲ್ 60 ಕೋಟಿ ಡಾಲರ್‌ವರೆಗೂ ಸುರಿಯುವೆನೆಂದು ಘೋಷಿಸಿತು, 2023ರ ಹೊತ್ತಿಗೆ ಹೊರಬಂತು. ಪಾಚಿ ಎಣ್ಣೆ ಕೊಡಲಿಲ್ಲ ಎಂದಲ್ಲ. ಉಪವಾಸ ಕೆಡವಿದರೆ ಎಣ್ಣೆ ಹೆಚ್ಚುತ್ತದೆ, ಬೆಳವಣಿಗೆ ನಿಲ್ಲುತ್ತದೆ. ಸಾವಿರ ಲೀಟರ್ ನೀರು ಸೋಸಿ ಸಿಕ್ಕ ಎಣ್ಣೆಯನ್ನು ಪೆಟ್ರೋಲ್ ಬಂಕಿನ ದರಕ್ಕೆ ಮಾರಬೇಕು. ಅಸ್ಟಾಕ್ಸಾಂಥಿನ್ ಅಷ್ಟೇ ನೀರು ಸೋಸಿಯೂ ಉಳಿದುಕೊಂಡಿದೆ, ಕಿಲೋ ಒಂದಕ್ಕೆ ಸಾವಿರಾರು ಡಾಲರ್ ಕೊಡುವವರಿರುವುದರಿಂದ.

ನಮ್ಮಲ್ಲಿ ಈಗ ‘ಸ್ಪಿರುಲಿನಾ ಬೆಳೆಯಿರಿ, ತಿಂಗಳಿಗೆ ಲಕ್ಷ ಗಳಿಸಿ’ ಎಂಬ ವಿಡಿಯೊಗಳ ಸುಗ್ಗಿ. ಬೀಜ ನಾವೇ ಕೊಡುತ್ತೇವೆ, ಮಾಲು ನಾವೇ ಕೊಳ್ಳುತ್ತೇವೆ ಎನ್ನುವ ಮಾತು ಕೇಳಿದ ಕೂಡಲೇ ಹಿಂದೆ ಸಫೇದ್ ಮುಸ್ಲಿ, ವೆನಿಲ್ಲಾ ಬೆಳೆದು ಕೈಸುಟ್ಟುಕೊಂಡವರನ್ನು ವಿಚಾರಿಸುವುದು ಒಳ್ಳೆಯದು. ಸರಳ ಲೆಕ್ಕ ಹೇಳುತ್ತೇನೆ. ಚೆನ್ನಾಗಿ ನಿಭಾಯಿಸಿದ ಬಯಲು ಕೊಳದಲ್ಲಿ ಚದರ ಮೀಟರಿಗೆ ದಿನಕ್ಕೆ 8ರಿಂದ 10 ಗ್ರಾಂ. ಕಾಲು ಎಕರೆ ನೀರಿನ ಹರವಿಗೆ, ಎಲ್ಲ ಸರಿಯಾದ ದಿನ, ಹತ್ತು ಕಿಲೋ ಒಣ ಪುಡಿ. ಮಳೆಗಾಲದಲ್ಲಿ, ಮೋಡದಲ್ಲಿ ಅದು ಎಷ್ಟೋ ಕೆಳಗಿಳಿಯುತ್ತದೆ. ತಮಿಳುನಾಡಿನ ಪುದುಕೋಟೆ ಜಿಲ್ಲೆಯ ಊನೈಯೂರಿನಲ್ಲಿ ಪ್ಯಾರಿ ಕಂಪನಿಯ ಸ್ಪಿರುಲಿನಾ ತೋಟ ನೂರು ಎಕರೆಗೂ ಮಿಕ್ಕಿದ್ದು, ಒಣ ಹವೆಯ ಊರು, ತನ್ನದೇ ಪ್ರಯೋಗಾಲಯ. ಸೀಸ–ಪಾದರಸದ ಪರೀಕ್ಷೆ, ಬೇರೆ ನೀಲಿಹಸಿರು ಜೀವಿಗಳು ಸೇರಿಕೊಂಡರೆ ಬರುವ ಮೈಕ್ರೊಸಿಸ್ಟಿನ್ ವಿಷದ ಪರೀಕ್ಷೆ, ಇವೆಲ್ಲ ಇಲ್ಲದ ಪುಡಿಯನ್ನು ಹೊರದೇಶದ ಗಿರಾಕಿ ಮುಟ್ಟುವುದಿಲ್ಲ. ಅಂಥವರ ಎದುರು ಹಿತ್ತಿಲ ತೊಟ್ಟಿಯವನು ಪುಡಿಯ ದರದಲ್ಲಿ ಪೈಪೋಟಿ ಕೊಡಲಾರ.

ಸಣ್ಣವರಿಗೆ ಅವಕಾಶ ಇದ್ದರೆ ಅದು ನೀಲಿಯಲ್ಲಿ, ಅದೂ ಒಣಗಿಸದ ಲೇಹದಲ್ಲಿ ಎಂದು ನನಗನ್ನಿಸುತ್ತದೆ. ಫೈಕೊಸಯಾನಿನ್ ನೀರಿನಲ್ಲೇ ಕರಗುವ ಬಣ್ಣ, ಹಸಿ ಲೇಹದಿಂದಲೇ ತೆಗೆಯಬಹುದು. ಒಣಗಿಸುವ ಖರ್ಚೂ ಉಳಿಯಿತು, ಬಿಸಿಗೆ ಬಣ್ಣ ಕೆಡುವುದೂ ತಪ್ಪಿತು. ಆದರೆ ಹಸಿ ಲೇಹ ನಮ್ಮ ಹವೆಯಲ್ಲಿ ಗಂಟೆಗಳಲ್ಲಿ ಹಳಸುತ್ತದೆ. ಹತ್ತಿಪ್ಪತ್ತು ಕಿಲೋಮೀಟರ್ ದೂರದೊಳಗೆ ಶೀತಲ ಪೆಟ್ಟಿಗೆಯ ವಾಹನ ಬರಬೇಕು, ನಡುವೆ ಬಣ್ಣ ತೆಗೆಯುವ ಒಂದು ಸಣ್ಣ ಘಟಕ ಇರಬೇಕು. ಬೆಳಿಗ್ಗೆ ಸಂಜೆ ಹಳ್ಳಿಹಳ್ಳಿಯ ಹಾಲು ಒಟ್ಟುಗೂಡಿಸಿ ಗೊತ್ತಿರುವ ರಾಜ್ಯಕ್ಕೆ ಇದು ಹೊಸ ವಿದ್ಯೆಯಲ್ಲ. ಹಾಲಿನ ಡೇರಿಯಲ್ಲಿ ಜಿಡ್ಡು ಅಳೆದು ದರ ಕಟ್ಟುವ ಹಾಗೆ ಇಲ್ಲಿ ಬಣ್ಣದ ಶುದ್ಧತೆ ಅಳೆಯಬೇಕು: ಲೇಹದ ರಸ 620 ನ್ಯಾನೊಮೀಟರ್ ಬೆಳಕನ್ನು ಎಷ್ಟು ಹೀರುತ್ತದೆ, 280ರದನ್ನು ಎಷ್ಟು ಹೀರುತ್ತದೆ ಎಂಬ ಎರಡು ಅಂಕಿಗಳ ಭಾಗಲಬ್ಧ. 0.7 ದಾಟಿದರೆ ತಿನಿಸಿನ ದರ್ಜೆ. ಅದನ್ನೇ ಮತ್ತೆ ಮತ್ತೆ ಶುದ್ಧೀಕರಿಸಿ 4 ದಾಟಿಸಿದರೆ ಪ್ರಯೋಗಾಲಯಗಳು ಕೊಳ್ಳುವ ದರ್ಜೆ, ಆ ಬೆಲೆ ಗ್ರಾಂ ಲೆಕ್ಕದಲ್ಲಿ. ಅಳೆಯುವ ಯಂತ್ರ ನಮ್ಮ ಯಾವುದೇ ವಿಜ್ಞಾನ ಕಾಲೇಜಿನ ಜೀವರಸಾಯನ ವಿಭಾಗದಲ್ಲಿ ಇರುತ್ತದೆ.